ದನದ ಹೊಟ್ಟೆಯಲ್ಲೊಂದು ಗಂಧಕದ ಪ್ರಯೋಗಶಾಲೆ

ಗಂಧಕ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಕೊಳೆತ ಮೊಟ್ಟೆಯ ವಾಸನೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಿಪ್ ಉಪಕರಣದ ಮುಂದೆ ಮೂಗು ಮುಚ್ಚಿಕೊಂಡು ನಿಂತವರಲ್ಲಿ ನಾನೂ ಒಬ್ಬ. ಅದೇ ಹೈಡ್ರೋಜನ್ ಸಲ್ಫೈಡ್ ಅನಿಲ ನನಗೆ ಮತ್ತೆ ಎದುರಾದದ್ದು ಅಮೆರಿಕದ ನೆಬ್ರಾಸ್ಕಾದಲ್ಲಿ, ದನಗಳ ಹೊಟ್ಟೆಯೊಳಗೆ!

ಪಶುವೈದ್ಯ ಕಲಿತು, ಹೆಚ್ಚಿನ ತರಬೇತಿಗೆಂದು 2008ರಲ್ಲಿ ಅಲ್ಲಿಗೆ ಹೋಗಿದ್ದೆ. ಅದು ಮಾಂಸಕ್ಕಾಗಿ ದನ ಸಾಕುವ ನಾಡು. ಫೀಡ್‌ಲಾಟ್ ಎಂಬ ಬಯಲು ದೊಡ್ಡಿಗಳಲ್ಲಿ ಸಾವಿರಾರು ಹೋರಿಗಳು ಸಾಲಾಗಿ ನಿಂತು ಮೆಕ್ಕೆಜೋಳದ ಆಹಾರ ತಿನ್ನುತ್ತವೆ. ಒಂದು ಬೆಳಿಗ್ಗೆ ಹೋರಿಯೊಂದು ಬೇಲಿಗೆ ಹಣೆಯೊತ್ತಿ ನಿಂತಿತ್ತು. ಕಣ್ಣು ತೆರೆದೇ ಇತ್ತು. ಕೈ ಬೀಸಿದರೂ ರೆಪ್ಪೆ ಅಲುಗಲಿಲ್ಲ. ನನ್ನ ಜೊತೆಗಿದ್ದ ಹಿರಿಯ ವೈದ್ಯರು ಅದಕ್ಕೆ ಥಯಾಮಿನ್ ಚುಚ್ಚುಮದ್ದು ಕೊಟ್ಟವರೇ ನೇರವಾಗಿ ಮೇವಿನ ಗೋದಲಿಯತ್ತ, ಅಲ್ಲಿಂದ ನೀರಿನ ತೊಟ್ಟಿಯತ್ತ ನಡೆದರು. ರೋಗ ಹೊರಟದ್ದು ಅಲ್ಲಿಂದ.

ಗಂಧಕ ವಿಷವೇ? ಅಲ್ಲ. ಅದಿಲ್ಲದೆ ದನ ಬದುಕದು. ದನದ ಹೊಟ್ಟೆಯ ಮೊದಲ ಕೋಣೆಯಾದ ರೂಮೆನ್‌ನಲ್ಲಿರುವ ಸೂಕ್ಷ್ಮಜೀವಿಗಳು ಗಂಧಕದಿಂದಲೇ ಮಿಥಿಯೋನಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳನ್ನು ಕಟ್ಟುತ್ತವೆ. ಒಣ ಆಹಾರದ ಶೇ. 0.15ರಷ್ಟು ಗಂಧಕವಿದ್ದರೆ ಸಾಕು. ಆದರೆ ಧಾನ್ಯವೇ ಹೆಚ್ಚಿರುವ ಆಹಾರದಲ್ಲಿ ಅದು ಶೇ. 0.3ನ್ನು ದಾಟಬಾರದು. ಹುಲ್ಲು ಧಾರಾಳವಾಗಿದ್ದರೆ ಶೇ. 0.5ರವರೆಗೆ ತಡೆದುಕೊಳ್ಳುತ್ತದೆ. ಅಗತ್ಯಕ್ಕೂ ಅಪಾಯಕ್ಕೂ ನಡುವಿನ ಅಂತರ ಎಷ್ಟು ಕಿರಿದು ನೋಡಿ!

ಹೆಚ್ಚಾದ ಗಂಧಕವನ್ನು ಸೂಕ್ಷ್ಮಜೀವಿಗಳು ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಧಾನ್ಯ ತಿಂದ ಹೊಟ್ಟೆಯಲ್ಲಿ ಆಮ್ಲತೆ ಹೆಚ್ಚು. ಆಗ ಸಲ್ಫೈಡ್ ಅನಿಲವಾಗಿ ಮೇಲೇಳುತ್ತದೆ. ದನ ತೇಗುತ್ತದೆ, ತೇಗಿದ ಗಾಳಿಯನ್ನು ತಾನೇ ಉಸಿರಾಡುತ್ತದೆ. ಕರುಳಿನಿಂದ ರಕ್ತಕ್ಕೆ ಸೇರುವ ವಿಷವನ್ನು ಯಕೃತ್ತು ತಡೆಯಬಲ್ಲದು. ಶ್ವಾಸಕೋಶದ ದಾರಿಯಲ್ಲಿ ಅಂಥ ಕಾವಲುಗಾರನಿಲ್ಲ. ಅನಿಲ ಮಿದುಳಿಗೆ ತಲುಪಿ, ಅದರ ಬೂದು ಭಾಗ ಮೆತ್ತಗಾಗಿ ನಶಿಸುತ್ತದೆ. ವೈದ್ಯರು ಇದನ್ನು 'ಪೋಲಿಯೋ' ಎಂದು ಚಿಕ್ಕದಾಗಿ ಕರೆಯುವುದುಂಟು. ಮಕ್ಕಳ ಪೋಲಿಯೋಗೂ ಇದಕ್ಕೂ ನಂಟಿಲ್ಲ. ಗ್ರೀಕಿನಲ್ಲಿ ಆ ಪದದ ಅರ್ಥ ಬೂದು ಬಣ್ಣ, ಅಷ್ಟೆ.

ಇಷ್ಟು ಗಂಧಕ ಬಂದದ್ದೆಲ್ಲಿಂದ? ಮೆಕ್ಕೆಜೋಳದಿಂದ ಎಥನಾಲ್ ತೆಗೆಯುವ ಕಾರ್ಖಾನೆಗಳಿಂದ. ಕಾಳಿನ ಮೂರರಲ್ಲಿ ಎರಡು ಭಾಗದಷ್ಟು ಪಿಷ್ಟ ಎಥನಾಲ್ ತಯಾರಿಕೆಯಲ್ಲಿ ಕರಗಿಹೋಗುತ್ತದೆ. ಉಳಿದ ಚರಟದಲ್ಲಿ ಗಂಧಕವೂ ಸುಮಾರು ಮೂರು ಪಟ್ಟಾಗುತ್ತದೆ. ಕಾರ್ಖಾನೆಯವರು ಬಳಸುವ ಗಂಧಕಾಮ್ಲ ಇದರ ಮೇಲೆ ಸೇರುತ್ತದೆ. ಶೇ. 0.8 ಗಂಧಕವಿರುವ ಚರಟವನ್ನು ಆಹಾರದಲ್ಲಿ ಶೇ. 40ರಷ್ಟು ಬೆರೆಸಿದಿರೆನ್ನಿ. ಚರಟವೊಂದರಿಂದಲೇ ಶೇ. 0.32 ಆಯಿತು. ಮಿತಿ ಅಲ್ಲೇ ಮೀರಿತು. ಇನ್ನು ನೀರು: ಲೀಟರಿಗೆ 1 ಗ್ರಾಂ ಸಲ್ಫೇಟ್ ಇರುವ ನೀರನ್ನು 40 ಲೀಟರ್ ಕುಡಿದರೆ ಸುಮಾರು 13 ಗ್ರಾಂ ಗಂಧಕ ಒಳಸೇರುತ್ತದೆ. ಮೇವಿನ ಲೆಕ್ಕ ಮಾತ್ರ ಹಾಕಿದವರಿಗೆ ಇದು ಕಾಣುವುದೇ ಇಲ್ಲ.

ಆ ದೊಡ್ಡಿಯಲ್ಲಿ ಚರಟವನ್ನು ಕಡಿಮೆ ಮಾಡಿ ಒಣಹುಲ್ಲು ಹೆಚ್ಚಿಸಿದರು. ಮೂರನೆಯ ದಿನ ನಮ್ಮ ಹೋರಿ ತಾನಾಗಿಯೇ ಗೋದಲಿಗೆ ಬಂತು. ತಡವಾಗಿ ಕಂಡ ಇನ್ನೊಂದು ಉಳಿಯಲಿಲ್ಲ.

ಇದು ದೂರದೇಶದ ಕಥೆಯೆಂದು ಪಕ್ಕಕ್ಕಿಡುವಂತಿಲ್ಲ. ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೆರೆಸುವ ಗುರಿಯನ್ನು ಭಾರತ 2025ರಲ್ಲಿ ಮುಟ್ಟಿತು. ಮೆಕ್ಕೆಜೋಳದ ಎಥನಾಲ್ ಜೊತೆಗೆ ಅದರ ಚರಟವೂ ನಮ್ಮ ಪಶು ಆಹಾರದೊಳಗೆ ಬರುತ್ತಿದೆ. ರಾಗಿಹುಲ್ಲು, ಭತ್ತದ ಹುಲ್ಲು ತಿನ್ನುವ ನಮ್ಮ ದನಗಳಿಗೆ ಅಪಾಯ ಕಡಿಮೆ, ನಿಜ. ಚರಟದಲ್ಲಿ ಒಳ್ಳೆಯ ಪ್ರೋಟೀನೂ ಇದೆ, ಅದನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಹೊಸ ಹಿಂಡಿಯ ಚೀಲ ಮನೆಗೆ ಬಂದಾಗ ಬೆಲೆ, ಪ್ರೋಟೀನ್ ಎಷ್ಟೆಂದು ಕೇಳುವ ರೈತ ಗಂಧಕ ಎಷ್ಟೆಂದೂ ಕೇಳಲಿ. ವಿಜ್ಞಾನ ಓದುವ ಮಗ, ಮಗಳು ಮನೆಯಲ್ಲಿದ್ದರೆ ಆ ಶೇಕಡಾವಾರು ಲೆಕ್ಕ ಹಾಕಿಕೊಡುವುದು ಅರ್ಧ ಹಾಳೆಯ ಕೆಲಸ. ಕೊಟ್ಟಿಗೆಯ ಮೂಕಪ್ರಾಣಿಗೆ ಆ ಅರ್ಧ ಹಾಳೆ ಕಣ್ಣಿನ ಬೆಳಕನ್ನೇ ಉಳಿಸಿಕೊಟ್ಟೀತು.