ನಾಲ್ಕೂ ಕಪ್ಪೋ, ಒಂದೇ ಕಪ್ಪೋ

ಅಕ್ಟೋಬರ್ 4, 2025, ಶನಿವಾರ
ಕ್ಯಾರಿ, ನಾರ್ತ್ ಕ್ಯಾರೊಲೈನಾ

ಆಯುಧಪೂಜೆಯ ಕುಂಕುಮ ಬಾನೆಟ್ ಮೇಲಿಂದ ಇನ್ನೂ ಪೂರ್ತಿ ಹೋಗಿಲ್ಲ, ಅಷ್ಟರಲ್ಲೇ ನನ್ನ ಮಜ್ದಾ ಮಿಯಾಟಾ ಕಾರಿನ ಜೊತೆ ತಕರಾರು ಶುರು. ಬೆಳಿಗ್ಗೆ ಟ್ಯಾಂಕ್ ತುಂಬಿಸಿದೆ. 190 ಮೈಲಿಗೆ 9.3 ಗ್ಯಾಲನ್ ಹಿಡಿಯಿತು. ಅಂದರೆ ಗ್ಯಾಲನ್ನಿಗೆ 20.4 ಮೈಲಿ, ಊರಿನ ಲೆಕ್ಕದಲ್ಲಿ ಲೀಟರಿಗೆ ಒಂಬತ್ತು ಕಿಲೋಮೀಟರೂ ಇಲ್ಲ. ಹೋದ ವರ್ಷ ಇದೇ ಹೊತ್ತಿಗೆ 26, 27 ಬರುತ್ತಿತ್ತು. ದಾರಿ ಅದೇ, ಓಡಿಸುವ ಕಾಲೂ ಅದೇ.

ಒಂದೇ ಟ್ಯಾಂಕಿನ ಲೆಕ್ಕ ನಂಬುವಂಥದ್ದಲ್ಲ. ಈ ಕಾರಿನ ಟ್ಯಾಂಕಿಗೆ ಹಿಡಿಯುವುದೇ 45 ಲೀಟರ್. ಬಂಕಿನ ಗನ್ ಒಮ್ಮೆ ಬೇಗ ಕಟ್ ಆಗುತ್ತದೆ, ಒಮ್ಮೆ ತಡವಾಗಿ. ಎರಡು ಲೀಟರ್ ಆಚೀಚೆ ಆದರೂ ಲೆಕ್ಕ ನೂರಕ್ಕೆ ಐದಾರು ತಪ್ಪುತ್ತದೆ. ಆದರೆ ಹಿಂದಿನ ಚೀಟಿಗಳನ್ನು ತೆಗೆದು ನೋಡಿದರೆ ಆಗಸ್ಟ್‌ನಿಂದಲೇ ಇಳಿಜಾರು: 24, 23, 22. ಗನ್ನಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಪಕ್ಕದ ಮನೆಯಾತ ಪ್ರೀಮಿಯಂ ಹಾಕಿ ನೋಡು ಅಂದ. 1991ರ ಎಂಜಿನ್, ಕಂಪ್ರೆಶನ್ 9.4ಕ್ಕೆ 1, ರೆಗ್ಯುಲರ್ 87 ಸಾಕು ಅಂತ ಕಂಪನಿಯೇ ಬರೆದಿದೆ. ಹೆಚ್ಚಿನ ಆಕ್ಟೇನ್ ಹಾಕಿದರೆ ಜೇಬು ಹಗುರವಾಗುತ್ತದೆ, ಅಷ್ಟೇ.

ಅಕ್ಟೋಬರ್ 5, ಭಾನುವಾರ

ಮೊದಲು ತಕ್ಕಡಿ ಸರಿಯಿದೆಯಾ ನೋಡಬೇಕು. ಹಳೆಯ ಮಾಲೀಕ 14 ಇಂಚಿನ ಚಕ್ರ ತೆಗೆದು 15ರದ್ದು ಹಾಕಿಸಿದ್ದಾನೆ. ಕಂಪನಿಯ ಟೈರ್ 185/60, ಈಗಿರುವುದು 205/50. ವ್ಯಾಸ ಎಂಟು ಮಿಲಿಮೀಟರಿನಷ್ಟು ಜಾಸ್ತಿ. ಚಕ್ರ ದೊಡ್ಡದಾದರೆ ಓಡಿದ ದೂರವನ್ನು ಮೀಟರ್ ಕಮ್ಮಿ ಬರೆಯುತ್ತದೆ, ಮೈಲೇಜ್ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಐ-40ರಲ್ಲಿ ಮೈಲಿಗಲ್ಲು 285ರಿಂದ 265ರವರೆಗೆ ಹೋಗಿ ಬಂದೆ. ರಸ್ತೆ 20 ಅಂದದ್ದಕ್ಕೆ ಮೀಟರ್ 19.7 ಅಂತು. ನೂರಕ್ಕೆ ಒಂದೂವರೆ ವ್ಯತ್ಯಾಸ. 20.4 ಇದ್ದದ್ದು 20.7 ಆಯಿತು. ಕಳೆದುಹೋದ ಆರು ಮೈಲಿಗೆ ಇದು ಉತ್ತರವಲ್ಲ. ಆದರೂ ಇನ್ನು ಮುಂದೆ ಎಲ್ಲ ಲೆಕ್ಕಕ್ಕೂ ಈ ಒಂದೂವರೆ ಸೇರಿಸಿಯೇ ಬರೆಯುವುದು.

ಅಕ್ಟೋಬರ್ 8, ಬುಧವಾರ

ಆಫೀಸಿನ ಹತ್ತಿರದ ಒಂದು ಗ್ಯಾರೇಜಿನಲ್ಲಿ ಕೇಳಿದೆ. ಬಾನೆಟ್ ಕೂಡ ಎತ್ತದೆ ಪಟ್ಟಿ ಓದಿದರು: ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್ ಕ್ಲೀನಿಂಗ್, ಫ್ಯುಯೆಲ್ ಫಿಲ್ಟರ್, ಪ್ಲಗ್ ವೈರ್. ಒಟ್ಟು ಕೇಳಿದ ಹಣಕ್ಕೆ ಊರಿಗೆ ಹೋಗಿಬರುವ ಅರ್ಧ ಟಿಕೆಟ್ ಬರುತ್ತದೆ. ಬದಲಿಸುವುದು ಬೇರೆ, ಪತ್ತೆಮಾಡುವುದು ಬೇರೆ. ನಮಸ್ಕಾರ ಹೇಳಿ ಬಂದೆ.

ಅಕ್ಟೋಬರ್ 11, ಶನಿವಾರ

ಎಂಜಿನ್ ಮುಟ್ಟುವ ಮೊದಲು ಕಾರು ಸಲೀಸಾಗಿ ಉರುಳುತ್ತದಾ ನೋಡೋಣ ಅಂತ ಚಕ್ರಗಳಿಂದ ಶುರು ಮಾಡಿದೆ. ಬಾಗಿಲ ಸಂದಿಯ ಚೀಟಿಯಲ್ಲಿ ಗಾಳಿ 26 ಪಿಎಸ್‌ಐ ಅಂತಿದೆ. ಮೂರರಲ್ಲಿ 23, 24. ಹಿಂದಿನ ಎಡಗಡೆಯದರಲ್ಲಿ 19.

ಆಮೇಲೆ ಹತ್ತು ಮೈಲಿ ಓಡಿಸಿ, ಬ್ರೇಕ್ ಒತ್ತದೆ ಏರಿನಲ್ಲಿ ತಾನಾಗಿ ನಿಲ್ಲಲು ಬಿಟ್ಟು ಇಳಿದು ಹೋಗಿ ಡಿಸ್ಕುಗಳಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ. ಮೂರು ಬೆಚ್ಚಗೆ. ಹಿಂದಿನ ಎಡಗಡೆಯದು ಮಾತ್ರ ಉಳಿದವುಗಳ ಎರಡರಷ್ಟು. ಹತ್ತಿರ ಹೋದರೆ ಬ್ರೇಕ್ ಪ್ಯಾಡ್ ಕಾದ ವಾಸನೆ.

ಹಳೆಯ ಮಿಯಾಟಾಗಳ ಹಿಂದಿನ ಕ್ಯಾಲಿಪರ್ ಹಿಡಿದುಕೊಳ್ಳುವುದು ಹೊಸ ಸುದ್ದಿಯಲ್ಲ. ಹ್ಯಾಂಡ್‌ಬ್ರೇಕಿನ ಕೆಲಸವೂ ಅದರದ್ದೇ, ಹಾಗಾಗಿ ಒಳಗೆ ಗಡಿಬಿಡಿ ಜಾಸ್ತಿ. ಜ್ಯಾಕ್ ಕೊಟ್ಟು ಚಕ್ರ ಬಿಚ್ಚಿದೆ. ಕ್ಯಾಲಿಪರ್ ಜಾರಬೇಕಾದ ಪಿನ್ನು ಜಾರುವುದಿರಲಿ, ಅಲುಗಲಿಲ್ಲ. ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತಿರುಚಿ ತಿರುಚಿ ಹೊರಗೆ ತೆಗೆದಾಗ ಗ್ರೀಸಿನ ಸುಳಿವೇ ಇಲ್ಲ. ಕಂದು ತುಕ್ಕು, ರಬ್ಬರ್ ಬೂಟಿನಲ್ಲಿ ಉಗುರಿನಷ್ಟು ಸೀಳು. ನೀರು ಹೋಗಿದ್ದು ಅಲ್ಲಿಂದಲೇ. ಎಮರಿ ಪೇಪರಿನಲ್ಲಿ ಉಜ್ಜಿ, ಸಿಲಿಕಾನ್ ಗ್ರೀಸ್ ಹಚ್ಚಿ ಕೂರಿಸಿದೆ. ಕ್ಯಾಲಿಪರ್ ಬೆನ್ನಿನ ಬೋಲ್ಟ್ ಬಿಚ್ಚಿದರೆ ಒಳಗೆ 4 ಮಿಲಿಮೀಟರಿನ ಅಲೆನ್ ಕೀ ಹಾಕುವ ಅಡ್ಜಸ್ಟರ್ ಇದೆ. ಡಿಸ್ಕ್ ಬಿಗಿಯುವವರೆಗೆ ತಿರುಗಿಸಿ, ಮೂರನೇ ಒಂದು ಸುತ್ತು ಹಿಂದಕ್ಕೆ. ಈಗ ಚಕ್ರ ಕೈಯಲ್ಲಿ ತಿರುಗಿಸಿ ಬಿಟ್ಟರೆ ತಾನೇ ತಿರುಗುತ್ತದೆ.

ಬೂಟ್ ಹೊಸದು ತರಿಸಬೇಕು. ಇವಳು ಬಂದು ನೋಡಿ, "ರೀ, ಇಷ್ಟು ದಿನ ಬ್ರೇಕ್ ಹಿಡಿದುಕೊಂಡೇ ಓಡ್ತಿತ್ತಾ?" ಅಂದಳು. ಹೌದು, ಓಡುತ್ತಿತ್ತು.

ಅಕ್ಟೋಬರ್ 17, ಶುಕ್ರವಾರ

ಟ್ಯಾಂಕ್ ತುಂಬಿಸಿದೆ. 22.3. ಬಂತು, ಆದರೆ ಪೂರ್ತಿ ಬರಲಿಲ್ಲ. ಸೈಲೆನ್ಸರ್ ಹಿಂದೆ ನಿಂತರೆ ಕಣ್ಣು ಉರಿಯುತ್ತದೆ. ಪೆಟ್ರೋಲ್ ಪೂರ್ತಿ ಉರಿಯದೆ ಹೊರಗೆ ಬರುತ್ತಿದೆ.

ಅಕ್ಟೋಬರ್ 19, ಭಾನುವಾರ

ಪ್ಲಗ್ ಬಿಚ್ಚಿದೆ. ಒಣ ಮಸಿ, ಬೆರಳಿಗೆ ಹತ್ತುವಂಥದ್ದು. ತಿಪಟೂರಿಗೆ ವಿಡಿಯೋ ಕಾಲ್ ಮಾಡಿದೆ. ಮಾವ ಅಂಬಾಸಡರ್, ಫಿಯಟ್ ಕಾಲದಿಂದ ಗ್ಯಾರೇಜ್ ನಡೆಸಿದವರು. ಇಂಜೆಕ್ಷನ್ ಎಂಜಿನ್ ಅಂದರೆ ಈಗಲೂ ಮೂಗು ಮುರಿಯುತ್ತಾರೆ. ಪೀಠಿಕೆಯಿಲ್ಲದೆ ಕೇಳಿದರು: "ನಾಲ್ಕೂ ಕಪ್ಪೋ, ಒಂದೇ ಕಪ್ಪೋ?"

"ನಾಲ್ಕೂ ಒಂದೇ ಥರ ಇದೆ ಮಾವ."

"ಹಂಗಾದ್ರೆ ವೈರು, ಇಂಜೆಕ್ಟರು ಅಂತ ಒಂದೊಂದೇ ಹುಡುಕ್ಬೇಡ. ನಾಲ್ಕಕ್ಕೂ ಸೇರಿದ್ದು ಏನೋ ಕೆಟ್ಟೈತೆ. ಚೋಕ್ ಎಳ್ಕೊಂಡೇ ಓಡಿಸ್ತಿದ್ದೀಯೇನೋ?"

"ಇದಕ್ಕೆ ಚೋಕ್ ಇಲ್ಲ ಮಾವ, ಕಂಪ್ಯೂಟರ್ರು."

"ಯಾವ್ದೋ ಒಂದು. ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ ಕೊಡೋದು ಯಾರು ಇದರಲ್ಲಿ? ಅವನ್ನ ಹಿಡಿ."

ಫೋನ್ ಇಟ್ಟಮೇಲೂ ಆ ಮಾತು ತಲೆಯಲ್ಲಿ ಓಡುತ್ತಲೇ ಇತ್ತು. ಚೋಕ್ ಇಲ್ಲ ನಿಜ, ಚೋಕಿನ ಕೆಲಸ ಇದೆ. ಕೂಲೆಂಟ್ ತಣ್ಣಗಿದೆ ಅಂತ ಸೆನ್ಸರ್ ಹೇಳಿದರೆ ಕಂಪ್ಯೂಟರ್ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಗೇಜಿನ ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ಬೇರೆ, ಕಂಪ್ಯೂಟರಿಗೆ ಕೊಡುವುದು ಬೇರೆ. ಮುಳ್ಳು ನೋಡಿ ನಿರ್ಧರಿಸುವ ಹಾಗಿಲ್ಲ.

ಅಕ್ಟೋಬರ್ 20, ಸೋಮವಾರ

ನರಕ ಚತುರ್ದಶಿ. ಎಣ್ಣೆ ಸ್ನಾನ ಮುಗಿಸಿ ಆಫೀಸಿಗೆ. ರಾತ್ರಿ ಹಣತೆ ಹಚ್ಚಿದ ಮೇಲೆ ಟಾರ್ಚ್ ಹಿಡಿದು ಎಂಜಿನ್ನಿನ ಪಕ್ಕದ ಡಯಾಗ್ನೋಸಿಸ್ ಡಬ್ಬಿ ತೆರೆದೆ. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರಿಗೂ ಓಬಿಡಿ-2 ಕಡ್ಡಾಯವಾಯಿತು. ಇದು ಅದಕ್ಕಿಂತ ಹಳೆಯದು, ಸ್ಕ್ಯಾನರ್ ಚುಚ್ಚಲು ಜಾಗವಿಲ್ಲ. ತಂತಿಯ ತುಂಡಿನಲ್ಲಿ ಎರಡು ಪಿನ್ ಸೇರಿಸಿ, ಪುಟ್ಟ ಎಲ್‌ಇಡಿ ಮಿನುಗುವುದನ್ನು ಎಣಿಸಬೇಕು. ಮಿನುಗಲಿಲ್ಲ. ಕೋಡ್ ಏನೂ ಇಲ್ಲ.

ಇದರಿಂದ ಎಲ್ಲ ಸರಿಯಿದೆ ಅಂತ ಆಗುವುದಿಲ್ಲ. ಆ ಕಾಲದ ಕಂಪ್ಯೂಟರ್ ತಂತಿ ಕಡಿದರೆ ಅಥವಾ ಶಾರ್ಟ್ ಆದರೆ ಹಿಡಿಯುತ್ತದೆ. ಎಂಜಿನ್ ಯಾಕಿನ್ನೂ ಬಿಸಿಯಾಗಿಲ್ಲ ಅಂತ ತಾನಾಗಿ ಕೇಳುವಷ್ಟು ಬುದ್ಧಿ ಅದಕ್ಕಿಲ್ಲ.

ಅಕ್ಟೋಬರ್ 25, ಶನಿವಾರ

ಬೆಳಿಗ್ಗೆ ಎಂಟು ಡಿಗ್ರಿ. ಇವಳನ್ನು ಪಕ್ಕದಲ್ಲಿ ಕೂರಿಸಿ ಕೈಗೆ ಮಲ್ಟಿಮೀಟರ್ ಕೊಟ್ಟೆ. ಆಕ್ಸಿಜನ್ ಸೆನ್ಸರಿನದು ಒಂದೇ ತಂತಿ. ಅದಕ್ಕೊಂದು ಎಳೆ ಸೇರಿಸಿ ಬಾನೆಟ್ ಸಂದಿಯಿಂದ ಕಿಟಕಿಯೊಳಕ್ಕೆ ತಂದಿದ್ದೆ. ಸರಿಯಿರುವ ಎಂಜಿನ್ನಿನಲ್ಲಿ ಅದು 0.1 ವೋಲ್ಟಿಗೂ 0.9ಕ್ಕೂ ನಡುವೆ ಒಂದೇ ಸಮನೆ ತೂಗಾಡಬೇಕು. ಗಾಳಿ, ಪೆಟ್ರೋಲು 14.7ಕ್ಕೆ 1ರ ಪ್ರಮಾಣದಲ್ಲಿರಲಿ ಅಂತ ಕಂಪ್ಯೂಟರ್ ಹೆಚ್ಚು ಕಮ್ಮಿ ಮಾಡುತ್ತಲೇ ಇರುವುದರ ಗುರುತು ಅದು. ಯುಎಸ್-1ರಲ್ಲಿ ಅವಳು ಓದುತ್ತಾ ಹೋದಳು: "ಎಂಟು... ಎಂಟು... ಎಂಟೂವರೆ... ಎಂಟೇ ರೀ. ಇದು ಕೆಟ್ಟಿದೆಯಾ?"

ಗ್ಯಾರೇಜಿನವರಾಗಿದ್ದರೆ ಅಲ್ಲಿಗೇ ಸೆನ್ಸರ್ ಬದಲಿಸುತ್ತಿದ್ದರು. ಮನೆಗೆ ಬಂದು ಎಂಜಿನ್ನನ್ನು ಎರಡೂವರೆ ಸಾವಿರ ಆರ್‌ಪಿಎಮ್‌ನಲ್ಲಿ ಹಿಡಿಯಲು ಅವಳಿಗೆ ಹೇಳಿ, ವ್ಯಾಕ್ಯೂಮ್ ಕೊಳವೆಯೊಂದನ್ನು ಕಳಚಿದೆ. ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗಿತು, ಮೀಟರ್ ಥಟ್ಟನೆ 0.2ಕ್ಕೆ ಬಿತ್ತು. ಕೊಳವೆ ಹಾಕಿದೆ, ಏರಿತು. ಸೆನ್ಸರ್ ಗಟ್ಟಿಮುಟ್ಟಾಗಿದೆ. ಪೆಟ್ರೋಲ್ ಜಾಸ್ತಿಯಾಗಿದೆ ಅಂತ ಅದು ಹೇಳಿದ್ದು ನಿಜ.

ಅವಳು ಇಳಿಯುತ್ತಾ ಅಂದದ್ದೇ ಇವತ್ತಿನ ಮುಖ್ಯ ಸುದ್ದಿ: "ಅರ್ಧ ಗಂಟೆ ಓಡಿಸಿದ್ರೂ ಈ ಹೀಟರಿಗೆ ಕಾಲು ಬೆಚ್ಚಗಾಗಲ್ಲ. ಹೋದ ಚಳಿಗಾಲ ಹಿಂಗಿರಲಿಲ್ಲ."

ಅಕ್ಟೋಬರ್ 26, ಭಾನುವಾರ

ಮನೆ ಮುಂದೆ ನಿಲ್ಲಿಸಿ ಚಾಲೂ ಇಟ್ಟರೆ ಎಂಜಿನ್ ನಿಧಾನವಾಗಿ ಬಿಸಿಯಾಗಿಯೇ ಆಗುತ್ತದೆ. ಅಲ್ಲಿ ಅಳೆದು ಪ್ರಯೋಜನವಿಲ್ಲ. ರೇಡಿಯೇಟರಿಗೆ ಗಾಳಿ ಬಡಿಯುವಾಗ ಏನಾಗುತ್ತದೆ ಅನ್ನುವುದೇ ಪ್ರಶ್ನೆ. ಹೈವೇಯಲ್ಲಿ ಅರ್ಧ ಗಂಟೆ ಓಡಿಸಿ, ಮೊದಲ ಎಕ್ಸಿಟ್‌ನಲ್ಲಿ ಇಳಿದು, ಅಲ್ಲೇ ಬಾನೆಟ್ ಎತ್ತಿದೆ. ಥರ್ಮೋಸ್ಟಾಟ್ ಕೂತಿರುವ ಜಾಗ 50 ಡಿಗ್ರಿ. ಕಂಪ್ಯೂಟರಿನ ಸೆನ್ಸರ್ ಪ್ಲಗ್ ಕಳಚಿ ಅಳೆದರೆ ಸುಮಾರು 0.8 ಕಿಲೋಓಮ್. ಅದು 20 ಡಿಗ್ರಿಯಲ್ಲಿ ಎರಡೂವರೆ ಕಿಲೋಓಮ್ ಆಸುಪಾಸು, 80ರಲ್ಲಿ 0.3 ಇರಬೇಕು. 0.8 ಅಂದರೆ ಸರಿಯಾಗಿ 50 ಡಿಗ್ರಿಯೇ.

ಅಂದರೆ ಈ ಸೆನ್ಸರೂ ನಿಜವನ್ನೇ ಹೇಳುತ್ತಿದೆ. ಎಂಜಿನ್ ನಿಜವಾಗಿಯೂ ತಣ್ಣಗಿದೆ. ಥರ್ಮೋಸ್ಟಾಟ್ ಮುಚ್ಚಿಕೊಳ್ಳುತ್ತಿಲ್ಲ.

ನವೆಂಬರ್ 1, ಶನಿವಾರ

ರಾಜ್ಯೋತ್ಸವದ ಶುಭಾಶಯಗಳು ವಾಟ್ಸ್ಯಾಪಿನಲ್ಲಿ ಬೆಳಗಿನಿಂದ ಸುರಿಯುತ್ತಿವೆ. ನಾನು ಕೂಲೆಂಟ್ ಇಳಿಸಿ ಕೂತೆ. ಮಜ್ದಾದ ಒಂದು ಗುಣ ಮೆಚ್ಚಬೇಕು: ಇದನ್ನು 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಮೇಳದಲ್ಲಿ ಸ್ಪೋರ್ಟ್ಸ್ ಕಾರ್ ಅಂತ ಅನಾವರಣ ಮಾಡಿದರೂ ಎಂಜಿನ್ನಿನ ಮೂಲ ಅವರದೇ ಸಂಸಾರಸ್ಥ ಕಾರು 323. ಬರೀ 116 ಹಾರ್ಸ್‌ಪವರ್, ಎಲ್ಲ ಕೈಗೆ ಎಟಕುವ ಹಾಗೆ. ಥರ್ಮೋಸ್ಟಾಟ್ ಮುಂದೆಯೇ ಇದೆ, ಎರಡು ಬೋಲ್ಟ್.

ಹೊರಗೆ ಬಂದದ್ದನ್ನು ಬೆಳಕಿಗೆ ಹಿಡಿದೆ. ಅಂಗೈಯಲ್ಲಿ ತಣ್ಣಗೆ ಕೂತಿರುವಾಗ ಬಿಗಿಯಾಗಿ ಮುಚ್ಚಿರಬೇಕಾದ ಬಿಲ್ಲೆ ಓರೆಯಾಗಿ ನಿಂತಿತ್ತು. ಒಂದು ಬದಿಯಲ್ಲಿ ಅಕ್ಕಿ ಕಾಳು ತೂರುವಷ್ಟು, ಇನ್ನೊಂದು ಬದಿಯಲ್ಲಿ ಕಿರುಬೆರಳ ತುದಿ ಹೋಗುವಷ್ಟು ಸಂದಿ. ಸ್ಪ್ರಿಂಗಿನ ಬುಡದಲ್ಲಿ ಗಟ್ಟಿಕಟ್ಟಿದ ಕಂದು ಸುಣ್ಣದಂಥ ಪದರ.

ಹೊಸದನ್ನು ಹಾಕುವ ಮೊದಲು ಪರೀಕ್ಷೆ ಮಾಡದೆ ಬಿಡುವವನಲ್ಲ ನಾನು. ಒಲೆಯ ಮೇಲೆ ನೀರಿಟ್ಟು, ದಾರದಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ನಿಂತೆ. "ಅದು ಹಾಲಿನ ಪಾತ್ರೆ!" ಅಂತ ಹಿಂದಿನಿಂದ ಕೂಗು. 88ರ ಹೊತ್ತಿಗೆ ಬಿಲ್ಲೆ ಮೆಲ್ಲನೆ ಬಾಯಿ ಬಿಟ್ಟಿತು, ಗ್ಯಾಸ್ ಆರಿಸಿದ ಮೇಲೆ ಮುಚ್ಚಿತು. ಪಾತ್ರೆ ಇನ್ನು ಗ್ಯಾರೇಜಿನದ್ದು ಅಂತ ತೀರ್ಪಾಯಿತು.

ಗಾಳಿ ಬಿಡುವ ಪುಟ್ಟ ಪಿನ್ನು ಮೇಲಕ್ಕೆ ಬರುವಂತೆ ಕೂರಿಸಿ, ಕಾರಿನ ಮೂತಿ ಎತ್ತರಿಸಿ ಕೂಲೆಂಟ್ ತುಂಬಿಸಿದೆ. ಗುಳ್ಳೆ ನಿಲ್ಲುವವರೆಗೆ ಕಾದು ಮುಚ್ಚಳ ಹಾಕಿದೆ. ಪ್ಲಗ್ ನಾಲ್ಕೂ ಹೊಸವು, 1.1 ಮಿಲಿಮೀಟರ್ ಗ್ಯಾಪ್.

ನವೆಂಬರ್ 2, ಭಾನುವಾರ

ಅದೇ ರಸ್ತೆ, ಅದೇ ಮಲ್ಟಿಮೀಟರ್, ಅದೇ ಓದುಗಾರ್ತಿ. "ಎರಡು, ಎಂಟು, ಒಂದು, ಏಳು... ಹೇಳೋಕೆ ಆಗ್ತಿಲ್ಲ, ಓಡಾಡ್ತಿದೆ." ಹೀಟರ್ ಕಮ್ಮಿ ಮಾಡಿ ಅಂತಲೂ ಕೇಳಿದಳು.

ನವೆಂಬರ್ 12, ಬುಧವಾರ

232 ಮೈಲಿ, 9 ಗ್ಯಾಲನ್. ಒಂದೂವರೆ ಸೇರಿಸಿ 26.2. ಲೀಟರಿಗೆ ಹನ್ನೊಂದರ ಮೇಲೆ. ಮಾವನಿಗೆ ಹೇಳಿದೆ. "ಇಬ್ಬರು ಕೂರೋ ಗಾಡಿಗೆ ಹನ್ನೊಂದಾ?" ಅಂದು ನಕ್ಕರು. ಪ್ಲಗ್ಗಿನ ಬಣ್ಣ ತಿಂಗಳು ಬಿಟ್ಟು ಕಳಿಸು ಅಂತಲೂ ಹೇಳಿದರು.

ಉಳಿದ ಅರ್ಧ, ಮುಕ್ಕಾಲು ಮೈಲಿಗೆ ಬೆನ್ನು ಹತ್ತುವುದಿಲ್ಲ. ಇಲ್ಲಿಯ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಎಥನಾಲ್; ಅದೊಂದರಿಂದಲೇ ಮೂರು ಪರ್ಸೆಂಟ್ ಹೋಗುತ್ತದೆ. ಜೊತೆಗೆ ಚಳಿ. ಸರ್ಕಾರದ ಇಂಧನ ಮಾಹಿತಿಯ ಪ್ರಕಾರ ಮೈನಸ್ ಏಳು ಡಿಗ್ರಿಯಲ್ಲಿ ಊರೊಳಗಿನ ಮೈಲೇಜ್ 25 ಡಿಗ್ರಿಗಿಂತ ನೂರಕ್ಕೆ ಹದಿನೈದರಷ್ಟು ಇಳಿಯುತ್ತದೆ, ಮೂರು ನಾಲ್ಕು ಮೈಲಿಯ ಓಡಾಟವಾದರೆ 24ರವರೆಗೂ. ಅಂಗಡಿಗೆ ಹೋಗಿ ಬರುವುದು ಅಂಥ ಓಡಾಟವೇ. ಬಿಸಿಲಿರುವ ದಿನ ಟಾಪ್ ಇಳಿಸಿ ಹೈವೇಯಲ್ಲಿ ಹೋದರೆ ಗಾಳಿಯ ತಡೆಗೂ ಇಷ್ಟು ಕೊಡಬೇಕು. ಅದನ್ನಂತೂ ನಾನು ಖುಷಿಯಿಂದಲೇ ಕೊಡುತ್ತೇನೆ.

ಕ್ಯಾಲಿಪರ್ ಬೂಟುಗಳು ಇವತ್ತು ಪೋಸ್ಟಿನಲ್ಲಿ ಬಂದವು. ಶನಿವಾರ ಎಡಗಡೆಯದಕ್ಕೆ ಹಾಕುವಾಗ ಬಲಗಡೆಯ ಪಿನ್ನನ್ನೂ ಬಿಚ್ಚಿ ನೋಡಬೇಕು. ಚಳಿಗಾಲದ ಮೈಲೇಜ್ ಲೆಕ್ಕಕ್ಕೆ ಬೇರೆ ಪುಟ ತೆರೆದಿದ್ದೇನೆ.