ಮಂಜಿನ ಪಕ್ಷ

ಪ್ರಿಂಟ್ ಕಾಗದದ ಮೇಲೆ ಹೇಗೆ ಕಂಡೀತೆಂದು ಮೊದಲೇ ತೋರಿಸುವ ಸಾಫ್ಟ್ ಪ್ರೂಫ್ ಒತ್ತಿದ ಕೂಡಲೇ, ಅದುವರೆಗೆ ಸ್ಕ್ರೀನಿನ ಮೇಲೆ ಥಳಥಳಿಸುತ್ತಿದ್ದ ಚಿತ್ರದ ಮುಖ ಬಾಡುತ್ತದೆ. ಕಪ್ಪು ಬೂದಿಯಾಗುತ್ತದೆ, ಬಿಳುಪು ಮಾಸುತ್ತದೆ. ಆ ಗಳಿಗೆಯಲ್ಲಿ ಕಣ್ಣು ಬೇರೆ ಕಡೆ ತಿರುಗಿಸಿಕೊಳ್ಳಿ ಎಂದು ಬಲ್ಲವರು ಬುದ್ಧಿ ಹೇಳುತ್ತಾರೆ. ನನಗೋ ಅದನ್ನು ನೋಡುವುದೇ ಖುಷಿ. ಸ್ಕ್ರೀನಿನ ಜಂಬ ಇಳಿದು ಕಾಗದ ತನ್ನ ಮಾತು ಶುರುಮಾಡುವುದು ಅಲ್ಲಿಂದಲೇ.

ನನ್ನ ಮೆಚ್ಚಿನದು ಹಾನೆಮ್ಯೂಲೆಯ ಫೋಟೋ ರಾಗ್. 1584ರಲ್ಲಿ ಶುರುವಾದ ಜರ್ಮನ್ ಗಿರಣಿಯ ಕಾಗದ. ಪೂರ್ತಿ ಹತ್ತಿ, ಚದರ ಮೀಟರಿಗೆ 308 ಗ್ರಾಂ. ಆಗುಂಬೆಯ ಮಳೆಗಾಲದ ಮಂಜನ್ನು ಇದರ ಮೇಲೆ ಪ್ರಿಂಟ್ ಹಾಕಿದರೆ, ಮಂಜು ಕಾಗದದೊಳಗಿನಿಂದಲೇ ಎದ್ದಂತಿರುತ್ತದೆ. ಆದರೆ ಒದ್ದೆ ಬಂಡೆಯ ಕಪ್ಪಿಗೆ ಈ ಮ್ಯಾಟ್ ಕಾಗದ ಒಲ್ಲೆ ಎನ್ನುತ್ತದೆ. ಎಷ್ಟೇ ಇಂಕು ಕುಡಿಸಿದರೂ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಎರಡು ಪಾಲನ್ನು ವಾಪಸು ಕಳಿಸಿಬಿಡುತ್ತದೆ. ಬೇರಿಯಂ ಸಲ್ಫೇಟ್ ಲೇಪದ ಬ್ಯಾರೈಟಾ ಕಾಗದವಾದರೆ ಅರ್ಧ ಪಾಲಿನ ಆಸುಪಾಸು. ಬಂಡೆ ಬೇಕಾದವರು ಬ್ಯಾರೈಟಾ ಕೊಳ್ಳಲಿ; ನಾನು ಮಂಜಿನ ಪಕ್ಷ.

ಸಾಫ್ಟ್ ಪ್ರೂಫ್ ನೆಚ್ಚಿಕೊಂಡಿರುವ ಪ್ರೊಫೈಲ್ ಎಂಬುದು ಕಾಗದದ ಜಾತಕ. ನೂರಾರು ಬಣ್ಣದ ಚೌಕಗಳನ್ನು ಪ್ರಿಂಟ್ ಮಾಡಿ, ಒಣಗಿಸಿ, ಒಂದೊಂದನ್ನೂ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆದು ಬರೆದದ್ದು. ಮದುವೆಗಾದರೆ ಎರಡು ಕೂಡಿಬಂದರೆ ಸಾಕು. ಇಲ್ಲಿ ಪ್ರಿಂಟರ್, ಇಂಕು, ಕಾಗದ ಮೂರೂ ಕೂಡಬೇಕು. ಜಾತಕ ಬರೆಯುವಾಗ ಡ್ರೈವರಿನಲ್ಲಿ ಯಾವ ಮೀಡಿಯಾ ಟೈಪ್ ಇತ್ತೋ ಚಿತ್ರಕ್ಕೂ ಅದೇ ಇರಬೇಕು. ಎಷ್ಟು ಇಂಕು ಬೀಳಬೇಕು, ಕಪ್ಪು ಇಂಕು ಮ್ಯಾಟ್ ಬ್ಲ್ಯಾಕೋ ಫೋಟೋ ಬ್ಲ್ಯಾಕೋ ಎಂಬುದೆಲ್ಲ ಅದರ ಕೈಯಲ್ಲಿದೆ. ಬಣ್ಣದ ಉಸ್ತುವಾರಿ ಫೋಟೋಶಾಪಿನದಾದರೆ ಡ್ರೈವರಿನದು ಆಫ್. ಇಬ್ಬರೂ ತಿದ್ದಲು ಹೊರಟರೆ ಬೂದುಗಲ್ಲಿಗೂ ಗುಲಾಬಿ ರಂಗು ಬರುತ್ತದೆ.

ಇಷ್ಟೂ ಬರೀ ಶಿಸ್ತು. ರುಚಿ ಇರುವುದು ಆಮೇಲೆ. ಪಾಚಿಯ ಎಳೆ ಹಸಿರು ಕಾಗದಕ್ಕೆ ಎಟುಕದಿದ್ದರೆ? ದಾರಿ ಎರಡು. ಪರ್ಸೆಪ್ಚುವಲ್ ಆಯ್ದರೆ ಉಳಿದ ಬಣ್ಣಗಳೂ ಒಟ್ಟಿಗೆ ಒತ್ತರಿಸಿಕೊಂಡು ಅದಕ್ಕೆ ಜಾಗ ಬಿಡುತ್ತವೆ. ರಿಲೇಟಿವ್ ಕಲರಿಮೆಟ್ರಿಕ್‌ನಲ್ಲಿ ಮಿಕ್ಕವು ಇದ್ದಲ್ಲೇ ಇರುತ್ತವೆ, ಎಟುಕದ ಹಸಿರು ಮಾತ್ರ ಅಂಚಿಗೆ ಬಂದು ನಿಲ್ಲುತ್ತದೆ. ಮಂಜಿಗೆ ನನ್ನ ಓಟು ಎರಡನೆಯದಕ್ಕೇ, ಚಿತ್ರದ ಕಡುಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪೆನ್ಸೇಷನ್ ಸಮೇತ. ಹಸಿರು ಒಂದಿಷ್ಟು ಸೋತರೂ ಮಂಜಿನ ಬೂದು ಕದಲಬಾರದು. ನೆರಳಿನ ಕರ್ವನ್ನು ಕೂದಲೆಳೆಯಷ್ಟು ಎತ್ತಿ, ಹಾಳೆಯ ಮೇಲಿನ ಹತ್ತಿಧೂಳನ್ನು ಮೆತ್ತನೆ ಬ್ರಷ್ಷಿನಿಂದ ಗುಡಿಸುತ್ತೇನೆ. ಗುಡಿಸದಿದ್ದರೆ ಇಂಕು ಧೂಳಿನ ಮೇಲೆ ಬಿದ್ದು, ಅದು ಉದುರಿದಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ.

ಹೊರಬಂದ ಪ್ರಿಂಟನ್ನು ರಾತ್ರಿ ಒಣಗಲು ಬಿಟ್ಟು ಹಗಲಿನಲ್ಲೇ ನೋಡಬೇಕು. ಪ್ರೊಫೈಲಿನ ಲೆಕ್ಕವೆಲ್ಲ 5000 ಕೆಲ್ವಿನ್ ಆಸುಪಾಸಿನ ಬೆಳಕಿನದು. ಟ್ಯೂಬ್‌ಲೈಟಿನಡಿ ಹಿಡಿದು ಬಣ್ಣ ಸರಿಯಿಲ್ಲ ಎನ್ನುವವರೊಡನೆ ನಾನು ವಾದಕ್ಕಿಳಿಯುವುದಿಲ್ಲ.

ಸದ್ಯ ಮೇಜಿನ ಮೇಲಿರುವುದು ಅದೇ ಗಿರಣಿಯ ಬಿದಿರಿನ ಕಾಗದ: 290 ಗ್ರಾಂ, ನೂರಕ್ಕೆ 90 ಪಾಲು ಬಿದಿರು, ಮಿಕ್ಕದ್ದು ಹತ್ತಿ. ಬೆಳ್ಳಗೆ ಮಾಡುವ ರಾಸಾಯನಿಕ ಹಾಕಿಲ್ಲ, ಹಾಗಾಗಿ ಬಿಳುಪಿಗೇ ತುಸು ಹಳದಿ ಬೆರೆತಿದೆ. ಆಗುಂಬೆ ಇದಕ್ಕೆ ಸಲ್ಲದು. ಬೇಸಿಗೆಯ ಒಣಹುಲ್ಲಿನ ಚಿತ್ರವೊಂದಿದೆ, ಅದನ್ನು ಹಾಕುವುದು.