ಬಟ್ಟಲು ಹೇಳಿದ ಬುದ್ಧಿ

ನ್ಯೂಜೆರ್ಸಿಯಲ್ಲಿ ಆನ್‌ಸೈಟ್ ಇದ್ದಾಗಿನ ಮಾತು. ಊರಿಗೆ ಹೋಗಿ ಬಂದು ತಿಂಗಳಾಗಿತ್ತು. ಒಂದು ಶನಿವಾರ ರೂಮಲ್ಲಿ ಕೂರೋಕಾಗದೆ ಟ್ರೇನ್ ಹತ್ತಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋದೆ. ಪೇಂಟಿಂಗ್ ನನಗೆ ಅರ್ಥವಾಗಲ್ಲ. ಮಣ್ಣಿನ ಪಾತ್ರೆ ಅಲ್ಪಸ್ವಲ್ಪ ಗೊತ್ತು. ಇಸ್ಲಾಮಿಕ್ ಕಲೆಯ ವಿಭಾಗದಲ್ಲಿ ಒಂದು ಬಟ್ಟಲಿನ ಮುಂದೆ ನಿಂತುಬಿಟ್ಟೆ.

ಬಟ್ಟಲು ಅಂದರೆ ಚಿಕ್ಕದಲ್ಲ. ಸುಮಾರು 45 ಸೆಂಟಿಮೀಟರ್ ಅಗಲ, ಕೋಸಂಬರಿ ಕಲಸೋ ಬೋಗುಣಿಯಷ್ಟು. ಇರಾನಿನ ನಿಶಾಪುರದ ಕಡೆಯದು, 10ನೇ ಶತಮಾನದ್ದು. ನೋಡಿದರೆ ಪಿಂಗಾಣಿ ಅನ್ನಬೇಕು, ಒಳಗಿರೋದು ಮಾತ್ರ ನಮ್ಮ ಮಡಕೆಯಂಥದೇ ಸುಟ್ಟ ಮಣ್ಣು. ಚೀನಾದ ಬಿಳಿ ಪಿಂಗಾಣಿಗೆ ಎಲ್ಲೆಡೆ ಬೆಲೆಯಿದ್ದ ಕಾಲ. ಅದಕ್ಕೆ ಬೇಕಾದ ಮಣ್ಣು ಈ ಕುಂಬಾರರ ಬಳಿ ಇರಲಿಲ್ಲ. ಹಾಗಾಗಿ ಬಿಳಿ ಮಣ್ಣನ್ನು ನೀರಲ್ಲಿ ಕದಡಿ ಮೇಲೆ ಬಳಿದರು. ನಮ್ಮ ಭಾಷೇಲಿ ವರ್ಕ್‌ಅರೌಂಡ್! ಅದರ ಮೇಲೆ ಕಪ್ಪು ಬರಹ, ಕೊನೆಗೆ ಗಾಜಿನಂಥ ಮೆರುಗು. ಬರೀ ಬಣ್ಣದಲ್ಲಿ ಬರೆದಿದ್ದರೆ ಗೂಡಿನಲ್ಲಿ ಸೀಸದ ಮೆರುಗು ಕರಗುವಾಗ ಅದೂ ಹರಡಿಹೋಗುತ್ತಿತ್ತು. ಬಣ್ಣವನ್ನೂ ಮಣ್ಣಿನಲ್ಲೇ ಕಲಸಿದ್ದರಿಂದ ಸಾವಿರ ವರ್ಷವಾದರೂ ಅಕ್ಷರಗಳು ನೆಟ್ಟಗಿವೆ.

ಬಾಯಂಚಿನ ಸುತ್ತ ಕೂಫಿ ಶೈಲಿಯ ಅರಬ್ಬಿ. ಕೆಲಸಕ್ಕೆ ಮುಂಚೆ ಯೋಜನೆ ಮಾಡಿಕೊಂಡರೆ ಪಶ್ಚಾತ್ತಾಪ ಪಡಬೇಕಾಗಿಲ್ಲ ಅನ್ನೋ ಅರ್ಥ. ನಗು ಬಂತು. ಪ್ರತಿ ಸೋಮವಾರ ಮೀಟಿಂಗಲ್ಲಿ ಕೇಳೋದು ಇದನ್ನೇ. ಬರೆದವನೂ ಹೇಳಿದಂತೆ ನಡೆದುಕೊಂಡಿದ್ದಾನೆ ಅನ್ನಿ: ಸುತ್ತಳತೆಗೆ ತಕ್ಕಂತೆ ಅಕ್ಷರಗಳನ್ನು ಎಳೆದು, ಕೊನೆಯದು ಮೊದಲನೆಯದರ ಪಕ್ಕಕ್ಕೇ ಬಂದು ನಿಲ್ಲುವಂತೆ.

ಆಮೇಲೆ ಸಿಟ್ಟು ಬಂತು. ಪ್ಲಾನ್ ನಾನೂ ಮಾಡಿದ್ದೆ. ರಿಲೀಸ್ ಮುಗಿಸಿ ಯುಗಾದಿಗೆ ಊರು, ಹದಿನೈದು ದಿನ ರಜೆ, ಟಿಕೆಟ್ ಎರಡು ತಿಂಗಳು ಮೊದಲೇ. "ಈಗ್ಲೇ ಬರೋಕಾಗಲ್ವೇನೋ ಮಗಾ?" ಅಂತ ಅಪ್ಪ ಫೋನಲ್ಲಿ ಒಂದೇ ಒಂದು ಸಲ ಕೇಳಿದ್ದ. "ಡೇಟ್ ಫಿಕ್ಸ್ ಆಗಿದೆ ಅಪ್ಪಾ" ಅಂದೆ. ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಅಪ್ಪ ಹೋದ. ಟಿಕೆಟ್ ಬದಲಾಯಿಸಿಕೊಂಡು ಹೋದರೂ ನನಗೆ ಸಿಕ್ಕಿದ್ದು ತಿಥಿ ಮಾತ್ರ. ಇದನ್ನೆಲ್ಲ ಬಟ್ಟಲಿಗೆ ಹೇಳೋಕಾಗುತ್ತಾ?

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಅಪ್ಪ ಅದನ್ನು ಎತ್ತಿ, ಬೆರಳು ಮಡಚಿ ತಟ್ಟಿ ಕಿವಿಗೊಡುತ್ತಿದ್ದ. ಟಣ್ ಅಂದರೆ ಸರಿ. ಇಲ್ಲಾಂದ್ರೆ ಎಲ್ಲೋ ಸೀಳಿದೆ ಅಂತ ವಾಪಸ್ ಇಡುತ್ತಿದ್ದ. ಗೊತ್ತಿಲ್ಲದೇ ನನ್ನ ಬೆರಳೂ ಮಡಚಿಕೊಂಡು ಗಾಜಿನ ತನಕ ಹೋಗಿತ್ತು. ಗಾರ್ಡ್ ತಿರುಗಿ ನೋಡಿದ. ಕೈಯನ್ನು ಜೇಬಿಗೆ ಹಾಕಿಕೊಂಡೆ.